ಸಾಲ್ಸಾಕ್ಕೆ ಬುನಾದಿ ಹಾಕಿದ ಅಂಧ ವಾದಕ

ಸಾಲ್ಸಾ ಕುಣಿತವನ್ನು ಕಲಿಯಹೊರಟವರು ಹೆಜ್ಜೆಗಿಂತ ಮೊದಲು ಕಿವಿಯನ್ನು ಪಳಗಿಸಿಕೊಳ್ಳಬೇಕಾಗುತ್ತದೆ. ಎರಡು ಮರದ ತುಂಡುಗಳನ್ನು ತಟ್ಟಿ ಹೊರಡಿಸುವ ‘ಕ್ಲಾವೆ’ ಎಂಬ ಐದು ಪೆಟ್ಟುಗಳ ಆವರ್ತ ಆ ಸಂಗೀತದ ಬೆನ್ನೆಲುಬು; ಒಂದರ್ಧದಲ್ಲಿ ಮೂರು ಪೆಟ್ಟು, ಇನ್ನೊಂದರ್ಧದಲ್ಲಿ ಎರಡು. ಮಿಕ್ಕ ವಾದ್ಯಗಳೆಲ್ಲ ಅದಕ್ಕೆ ಹೊಂದಿಕೊಂಡೇ ನುಡಿಯುತ್ತವೆ. ಈ ಹೊಂದಿಕೆಯನ್ನು ಇಂದಿನ ರೂಪಕ್ಕೆ ತಂದವರಲ್ಲಿ ಅಗ್ರಗಣ್ಯನು ಕ್ಯೂಬಾ ದೇಶದ ಆರ್ಸೇನಿಯೊ ರೊಡ್ರಿಗೆಸ್. ತನ್ನ ವಾದನಕ್ಕೆ ಕುಣಿಯುತ್ತಿದ್ದವರನ್ನು ಆತನು ಒಮ್ಮೆಯೂ ಕಂಡವನಲ್ಲ.

1911ರಲ್ಲಿ ಮತಾನ್ಸಾಸ್ ಪ್ರಾಂತದಲ್ಲಿ ಜನಿಸಿದ ಆರ್ಸೇನಿಯೊ, ಆಫ್ರಿಕದ ಕಾಂಗೋ ಸೀಮೆಯಿಂದ ಗುಲಾಮರಾಗಿ ಬಂದವರ ವಂಶದವನು. ಬಾಲ್ಯದಲ್ಲಿ ಪಶುವೊಂದು ಒದೆದು ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಅದು ಕುದುರೆಯೆಂದು ಕೆಲವರು, ಹೇಸರಗತ್ತೆಯೆಂದು ಕೆಲವರು ಹೇಳುತ್ತಾರೆ. ಮನೆಯ ಹಿರಿಯರಿಂದ ಕಾಂಗೋ ಪರಂಪರೆಯ ಹಾಡು, ಬಡಿತಗಳು ಅವನಿಗೆ ದಕ್ಕಿದವು. ಗಿಟಾರಿನ ಜಾತಿಗೆ ಸೇರಿದ, ಮೂರು ಜೋಡಿ ತಂತಿಗಳ ‘ತ್ರೆಸ್’ ಅವನ ವಾದ್ಯವಾಯಿತು.

ಆಗ ಹವಾನಾದಲ್ಲಿ ‘ಸೋನ್’ ಎಂಬ ಕುಣಿತದ ಹಾಡನ್ನು ಏಳು ಮಂದಿಯ ಮೇಳಗಳು ಒಂದೇ ಕಹಳೆಯೊಡನೆ ನುಡಿಸುತ್ತಿದ್ದವು. 1940ರ ಹೊತ್ತಿಗೆ ಆರ್ಸೇನಿಯೊ ಇದಕ್ಕೆ ಪಿಯಾನೊವನ್ನೂ ಇನ್ನಷ್ಟು ಕಹಳೆಗಳನ್ನೂ ಕೂಡಿಸಿದನು. ಅದಕ್ಕಿಂತ ದಿಟ್ಟ ಹೆಜ್ಜೆಯೆಂದರೆ ಕಾಂಗಾ ಡೋಲನ್ನು ಮೇಳದೊಳಗೆ ತಂದದ್ದು. ಬೀದಿಯ ಕರಿಯರ ವಾದ್ಯವೆಂದು ಗಣ್ಯರು ಮೂಗು ಮುರಿಯುತ್ತಿದ್ದ ಡೋಲು ಅದು. ಅವನ ಮೇಳಕ್ಕೆ ನಿಷ್ಠೆಯಿಂದ ಕುಣಿದವರೂ ಹವಾನಾದ ಕರಿಯ ದುಡಿಮೆಗಾರರೇ. ಅವರಿಗಾಗಿ ಆತನು ವೇಗವನ್ನು ತಗ್ಗಿಸಿ, ಪೆಟ್ಟುಗಳ ನಡುವಿನ ಎಡೆಗಳಿಗೆ ಒತ್ತು ಕೊಟ್ಟನು. ಹಾಡಿನ ಕೊನೆಯಲ್ಲಿ ಗಾಯಕನೂ ಹಿಮ್ಮೇಳವೂ ಸವಾಲು-ಜವಾಬಿನಂತೆ ಸಾಗುವ ಭಾಗವನ್ನು ಹಿಗ್ಗಿಸಿದನು. ಹೊಸಬರು ಕ್ಲಾವೆಯನ್ನು ಎಣಿಸಿ ಅಭ್ಯಾಸ ಮಾಡಲು ಆ ದಶಕದ ಅವನ ಮುದ್ರಿಕೆಗಳಿಗಿಂತ ಒಳ್ಳೆಯ ಪಾಠ ಬೇಕಿಲ್ಲ.

1947ರಲ್ಲಿ ದೃಷ್ಟಿ ಮರಳೀತೆಂಬ ಆಸೆಯಿಂದ ನ್ಯೂಯಾರ್ಕಿನ ಪ್ರಸಿದ್ಧ ನೇತ್ರವೈದ್ಯ ಕಾಸ್ತ್ರೊವಿಯೆಹೊ ಅವರಲ್ಲಿಗೆ ಹೋದನು. ನರಗಳೇ ನಾಶವಾಗಿದ್ದವು, ಚಿಕಿತ್ಸೆಯಿರಲಿಲ್ಲ. ಬದುಕೇ ಕನಸೆಂಬ ಅರ್ಥದ ಶೀರ್ಷಿಕೆಯುಳ್ಳ ಅವನ ಪ್ರಖ್ಯಾತ ಗೀತೆ ಈ ನಿರಾಶೆಯ ಫಲ.

ಮುಂದೆ ಮೇಳವನ್ನು ಕಹಳೆಗಾರ ಚಾಪೊತ್ತಿನನಿಗೆ ಒಪ್ಪಿಸಿ ಅಮೆರಿಕದಲ್ಲೇ ನೆಲೆಸಿದನು. ಅಲ್ಲಿ ಕಾಲ ಅನುಕೂಲಿಸಲಿಲ್ಲ. ಜಗತ್ತು ಮಾಂಬೊ ಕುಣಿತಕ್ಕೆ ಮರುಳಾಗಿತ್ತು, ಅದರ ಕೀರ್ತಿ ಪೆರೆಸ್ ಪ್ರಾದೊವಿನ ಪಾಲಾಗಿತ್ತು. ಮಾಂಬೊವಿನ ಮೂಲ ತನ್ನದೆಂದು ಆರ್ಸೇನಿಯೊ ಕೊನೆಯವರೆಗೂ ವಾದಿಸಿದನು, ವಾದದಲ್ಲಿ ಹುರುಳಿಲ್ಲದಿರಲಿಲ್ಲ. ನ್ಯೂಯಾರ್ಕಿನ ದೊಡ್ಡ ನೃತ್ಯಶಾಲೆಗಳು ವೇಗವನ್ನು ಬಯಸಿದವು, ಆತನು ನಿಧಾನವನ್ನು ಬಿಡಲಿಲ್ಲ.

1970ರ ಡಿಸೆಂಬರ್ 30ರಂದು ಲಾಸ್ ಏಂಜಲೀಸ್ ನಗರದಲ್ಲಿ ಆತನು ತೀರಿಕೊಂಡನು. ಅದೇ ದಶಕದಲ್ಲಿ ನ್ಯೂಯಾರ್ಕಿನ ಯುವ ವಾದಕರು ಅವನ ಮೇಳದ ಕಟ್ಟಡವನ್ನೇ ಆಧಾರವಾಗಿಟ್ಟುಕೊಂಡು ನುಡಿಸಿದ ಸಂಗೀತ ಸಾಲ್ಸಾ ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿತು. ಅವರಲ್ಲೊಬ್ಬನಾದ ಪಿಯಾನೊ ವಾದಕ ಲ್ಯಾರಿ ಹಾರ್ಲೊ ಇಡೀ ಒಂದು ಧ್ವನಿಮುದ್ರಿಕೆಯನ್ನೇ ಆರ್ಸೇನಿಯೊವಿಗೆ ಅರ್ಪಿಸಿದನು.