ಶೇಷಾದ್ರಿ ಅಯ್ಯರ್: ನೀರು, ಪ್ಲೇಗು ಮತ್ತು ನಂಬಿಕೆ

ನಗರವಾಸಿಗಳು ಸರ್ಕಾರವನ್ನು ಏಕೆ ನಂಬುತ್ತಾರೆ, ಏಕೆ ನಂಬುವುದಿಲ್ಲ ಎಂಬ ಪ್ರಶ್ನೆಗೆ ಬೆಂಗಳೂರಿನ ಮಟ್ಟಿಗೆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಜೀವನವೇ ಉತ್ತಮ ಪಾಠ.

ಪಾಲಕ್ಕಾಡ್ ಸೀಮೆಯಲ್ಲಿ 1845ರಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾದಾಗ, 1876-78ರ ಭೀಕರ ಕ್ಷಾಮದಿಂದ ಸಂಸ್ಥಾನವು ಸಾಲದ ಹೊರೆ ಹೊತ್ತಿತ್ತು. ಹದಿನೆಂಟು ವರ್ಷಗಳ ಆಡಳಿತದಲ್ಲಿ ಅವರು ಬೊಕ್ಕಸವನ್ನು ಸುಸ್ಥಿತಿಗೆ ತಂದರು. ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳನ್ನೂ ಬಾವಿಗಳನ್ನೂ ಅವಲಂಬಿಸಿದ್ದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಹರಿಯಿತು.

ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗು ನಗರವನ್ನು ಹೊಕ್ಕಿತು. ಮನೆ ತಪಾಸಣೆ, ರೋಗಿಗಳ ಪ್ರತ್ಯೇಕ ವಾಸ, ಮನೆಗಳ ತೆರವು ಆರಂಭವಾದವು. ಜನರು ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟರು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೇ ನಡೆಯಿತು. ನೀರು ತಂದ ಸರ್ಕಾರ ಬಾಗಿಲವರೆಗೆ ಬಂದಿತ್ತು. ಪ್ಲೇಗಿನ ಸರ್ಕಾರ ಹೊಸ್ತಿಲು ದಾಟಿತು. ಕ್ರಮಗಳು ಅಗತ್ಯವಿದ್ದರೂ ಅವುಗಳ ಕಾರಣವನ್ನು ಜನರಿಗೆ ಮನವರಿಕೆ ಮಾಡಿಕೊಡುವ ಕೆಲಸ ಹಿಂದೆ ಬಿದ್ದಿತ್ತು. ಭಯ ಕರಗಲು ನೆರವಾದದ್ದು ಆಜ್ಞೆಗಳಲ್ಲ. ಅಗಲ ಬೀದಿಗಳ, ಗಾಳಿ ಬೆಳಕಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು.

ಇನ್ನೊಂದು ಅಪನಂಬಿಕೆಯೂ ಇತ್ತು. ಉನ್ನತ ಹುದ್ದೆಗಳು ಮದರಾಸಿನವರ ಪಾಲಾಗುತ್ತಿವೆ ಎಂಬ ಅಸಮಾಧಾನ ಮೈಸೂರಿಗರಲ್ಲಿ ಬೆಳೆಯಿತು. ಪ್ರಜಾಪ್ರತಿನಿಧಿ ಸಭೆಗೆ 1891ರಿಂದ ಚುನಾವಣೆ ನಡೆಯತೊಡಗಿತಾದರೂ, ಸಭೆಗಿದ್ದದ್ದು ಅಹವಾಲು ಹೇಳುವ ಅಧಿಕಾರ ಮಾತ್ರ. ದಿವಾನರ ದಕ್ಷತೆಯನ್ನು ಮೆಚ್ಚಿದವರಿಗೂ ಅವರನ್ನು ಪ್ರಶ್ನಿಸಿ ಉತ್ತರ ಪಡೆಯುವ ದಾರಿ ಕಿರಿದಾಗಿತ್ತು.

1901ರ ಮಾರ್ಚ್‌ನಲ್ಲಿ ನಿವೃತ್ತರಾದ ಅವರು ಅದೇ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಅವರು ಯೋಜಿಸಿದ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲುಪಿತು. 1913ರಲ್ಲಿ ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು.

2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದು ನಿಂತ ನಗರಕ್ಕೆ ಅವರಂಥ ದೂರದೃಷ್ಟಿ ಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವರ ಕಾಲದ ಕೊರತೆಯನ್ನೂ ಮರೆಯಬಾರದು. ದೊಡ್ಡ ಕಾಮಗಾರಿಗಳು ಆಡಳಿತಕ್ಕೆ ಕೀರ್ತಿ ತರುತ್ತವೆ. ಸಂಕಟದ ದಿನದಲ್ಲಿ ಜನರು ಅದರ ಮಾತು ಕೇಳಬೇಕಾದರೆ, ಅದಕ್ಕೂ ಮೊದಲೇ ಅದು ಜನರ ಮಾತು ಕೇಳಿರಬೇಕು.