ಫ್ಯಾಟ್ಸ್ ವಾಲರ್

ಫ್ಯಾಟ್ಸ್ ವಾಲರ್ (ಮೇ 21, 1904 – ಡಿಸೆಂಬರ್ 15, 1943) ಅಮೆರಿಕದ ಜಾಜ್ ಸಂಗೀತಗಾರ, ಸ್ವರಸಂಯೋಜಕ ಹಾಗೂ ಗಾಯಕ. ಇವರ ಪೂರ್ಣ ಹೆಸರು ಥಾಮಸ್ ರೈಟ್ ವಾಲರ್. ಸ್ಥೂಲಕಾಯದ ಕಾರಣದಿಂದ ಬಂದ 'ಫ್ಯಾಟ್ಸ್' ಎಂಬ ಅಡ್ಡಹೆಸರೇ ಕೊನೆಯವರೆಗೂ ಉಳಿಯಿತು. ಲೋಕ ಇವರನ್ನು ಪಿಯಾನೋ ವಾದಕರೆಂದೇ ನೆನೆಯುತ್ತದೆ. ಆದರೆ ಆರ್ಗನ್ ವಾದ್ಯವನ್ನು ಜಾಜ್ ಸಂಗೀತಕ್ಕೆ ಒಗ್ಗಿಸಿದ ಮೊದಲಿಗರು ಇವರು.

ಬಾಲ್ಯ

ವಾಲರ್ ಜನಿಸಿದ್ದು ನ್ಯೂಯಾರ್ಕ್ ನಗರದಲ್ಲಿ. ತಂದೆ ಎಡ್ವರ್ಡ್ ಧರ್ಮಬೋಧಕರು. ಅವರು ಹಾರ್ಲೆಮ್ ಬಡಾವಣೆಯ ಬೀದಿಗಳಲ್ಲಿ ಬೋಧಿಸುವಾಗ ಬಾಲಕ ವಾಲರ್ ರೀಡ್ ಆರ್ಗನ್ ನುಡಿಸುತ್ತಿದ್ದರು. (ಇದು ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂನ ಜಾತಿಗೆ ಸೇರಿದ ವಾದ್ಯ.) ಮಗನೂ ಧರ್ಮಬೋಧಕನಾಗಲಿ ಎಂಬುದು ತಂದೆಯ ಆಸೆ, ಜಾಜ್ ಅವರಿಗೆ ಸಮ್ಮತವಿರಲಿಲ್ಲ. ಮಗ ಮಾತ್ರ ಹದಿಹರೆಯದಲ್ಲೇ ಹಾರ್ಲೆಮಿನ ಲಿಂಕನ್ ಥಿಯೇಟರಿನಲ್ಲಿ ಮೂಕಿಚಿತ್ರಗಳಿಗೆ ಆರ್ಗನ್ ನುಡಿಸುವ ಕೆಲಸಕ್ಕೆ ಸೇರಿದರು. ಮುಂದೆ ವಾದ್ಯವೃಂದದ ನಾಯಕರಾಗಿ ಪ್ರಸಿದ್ಧರಾದ ಕೌಂಟ್ ಬೇಸಿ ಆರ್ಗನ್ ಕಲಿತದ್ದು ಅಲ್ಲಿಯೇ, ವಾಲರ್ ಅವರಿಂದ. ಇಬ್ಬರೂ ಸಮವಯಸ್ಕರು. 1920ರಲ್ಲಿ ತಾಯಿ ತೀರಿಕೊಂಡ ಬಳಿಕ ವಾಲರ್ ಮನೆ ಬಿಟ್ಟು, ಹೆಸರಾಂತ ಪಿಯಾನೋ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ಶಿಷ್ಯರಾದರು.

ಆರ್ಗನ್ ವಾದನ ಶೈಲಿ

ಜಾಜ್‌ನ ಜೀವಾಳ ಲಯ. ಪೈಪ್ ಆರ್ಗನ್ನಿಗೆ ಅದು ಸುಲಭವಾಗಿ ಒಲಿಯದು. ಪಿಯಾನೋದಲ್ಲಿ ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದ ಏರಿಳಿಯುತ್ತದೆ, ನುಡಿದ ಸ್ವರ ತಾನಾಗಿ ಕ್ಷೀಣಿಸುತ್ತದೆ. ಆರ್ಗನ್ನಿನಲ್ಲಿ ಎಷ್ಟೇ ಬಲವಾಗಿ ಒತ್ತಿದರೂ ನಾದ ಒಂದೇ ಮಟ್ಟದಲ್ಲಿರುತ್ತದೆ, ಬೆರಳೆತ್ತುವವರೆಗೂ ನಿಲ್ಲುವುದಿಲ್ಲ. ಸಾಲದುದಕ್ಕೆ, ಕೊಳವೆಗೆ ಗಾಳಿ ತುಂಬಿ ಸ್ವರ ಹೊರಡುವುದೂ ಕ್ಷಣ ತಡ. ವಾಲರ್ ಸ್ವರಗಳನ್ನು ಚುಟುಕಾಗಿ, ಬಿಡಿಬಿಡಿಯಾಗಿ ಮುಟ್ಟಿ, ನಡುವಿನ ಮೌನದಿಂದಲೇ ತಾಳವನ್ನು ಮೂಡಿಸಿದರು. ಕಾಲುಮಣೆಗಳಿಂದ ಹಗುರವಾದ ಮಂದ್ರಸ್ವರಗಳನ್ನು ನಡೆಸಿದರು. ವಾದ್ಯದ ಗಾತ್ರಕ್ಕೆ ಮರುಳಾಗಿ ಅಬ್ಬರಿಸಲಿಲ್ಲ.

1926ರ ನವೆಂಬರಿನಲ್ಲಿ ಅವರು ವಿಕ್ಟರ್ ಕಂಪನಿಗಾಗಿ 'ಸೇಂಟ್ ಲೂಯಿಸ್ ಬ್ಲೂಸ್' ಮತ್ತು 'ಲೆನಾಕ್ಸ್ ಅವೆನ್ಯೂ ಬ್ಲೂಸ್' ಕೃತಿಗಳನ್ನು ಪೈಪ್ ಆರ್ಗನ್ನಿನಲ್ಲಿ ಧ್ವನಿಮುದ್ರಿಸಿದರು. ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನ ಆ ಸ್ಟುಡಿಯೋ ಹಿಂದೆ ಚರ್ಚ್ ಆಗಿತ್ತು. ತಂದೆ ಒಪ್ಪದ ಸಂಗೀತವನ್ನು ಮಗ ನುಡಿಸಿದ್ದು ಅಂಥ ಕಟ್ಟಡದಲ್ಲಿ ಎಂಬುದು ಸ್ವಾರಸ್ಯಕರ.

ಪ್ರಸಿದ್ಧಿ ಮತ್ತು ಕೊನೆಯ ವರ್ಷಗಳು

ಗೀತರಚನೆಕಾರ ಆಂಡಿ ರಜಾಫ್ ಅವರೊಡನೆ ರಚಿಸಿದ 'ಏಂಟ್ ಮಿಸ್‌ಬಿಹೇವಿನ್', 'ಹನಿಸಕಲ್ ರೋಸ್' ಹಾಡುಗಳು (1929) ಮನೆಮಾತಾದವು. ಆದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. ಮೊದಲ ಪತ್ನಿಗೆ ಜೀವನಾಂಶ ಕೊಡಲಾಗದೆ ಸೆರೆವಾಸವನ್ನೂ ಅನುಭವಿಸಿದರು. ಹಾಡುಗಳ ಹಕ್ಕನ್ನು ಅಲ್ಪ ಮೊತ್ತಕ್ಕೆ ಮಾರಿಕೊಂಡರು. 1934ರಿಂದ ತಮ್ಮ ತಂಡದೊಡನೆ ನೀಡಿದ ಧ್ವನಿಮುದ್ರಿಕೆಗಳಿಂದ ಅಪಾರ ಜನಪ್ರಿಯತೆ ದೊರೆಯಿತು. ಮಾರಾಟವಾದದ್ದು ಅವರ ಹಾಡು ಮತ್ತು ಹಾಸ್ಯ. ಅವರಿಗೆ ಅತಿ ಪ್ರಿಯವಾಗಿದ್ದ ಆರ್ಗನ್ನಿಗೆ ಅವಕಾಶ ವಿರಳವಾಯಿತು. ಅಂಥದೊಂದು ಅವಕಾಶ 1938ರಲ್ಲಿ ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಸಿಕ್ಕಿತು. ಅಲ್ಲಿನ ದೊಡ್ಡ ಆರ್ಗನ್ನಿನಲ್ಲಿ ಕರಿಯ ಜನಾಂಗದ ಭಕ್ತಿಗೀತೆಗಳನ್ನು ನುಡಿಸಿದ ಅವರು ಅಲ್ಲಿ ವಿದೂಷಕರಲ್ಲ, ಗಂಭೀರ ಕಲಾವಿದರು. 1942ರ 'ಜಿಟರ್‌ಬಗ್ ವಾಲ್ಟ್ಸ್' ಕೃತಿಯನ್ನು ವಿದ್ಯುತ್ ಚಾಲಿತ ಹ್ಯಾಮಂಡ್ ಆರ್ಗನ್ನಿನಲ್ಲಿ ನುಡಿಸಿದರು. 1950ರ ದಶಕದಲ್ಲಿ ಜಿಮ್ಮಿ ಸ್ಮಿತ್ ಜಾಜ್‌ನಲ್ಲಿ ಪ್ರತಿಷ್ಠಾಪಿಸಿದ್ದು ಇದೇ ವಾದ್ಯವನ್ನು.

ನಿರಂತರ ಪ್ರವಾಸ ಹಾಗೂ ಅತಿಯಾದ ಮದ್ಯಪಾನದಿಂದ ವಾಲರ್ ಅವರ ಆರೋಗ್ಯ ಕೆಟ್ಟಿತ್ತು. ಲಾಸ್ ಏಂಜಲೀಸಿನಿಂದ ಹಿಂದಿರುಗುವಾಗ, ಕಾನ್ಸಾಸ್ ಸಿಟಿಯ ಬಳಿ ರೈಲಿನಲ್ಲಿಯೇ ನ್ಯುಮೋನಿಯಾದಿಂದ ನಿಧನರಾದರು. ಆಗ ಅವರಿಗೆ 39 ವರ್ಷ. ಚಿತಾಭಸ್ಮವನ್ನು ವಿಮಾನದಿಂದ ಹಾರ್ಲೆಮಿನ ಮೇಲೆ ಚೆಲ್ಲಲಾಯಿತು.