ಬಾಲವನದ ಕಾರಂತರು

ಉಡುಪಿಯ ರಥಬೀದಿಯಲ್ಲಿ ತೇರಿನ ಗಾಲಿಯ ಬಳಿ ನಿಂತು ಅದರ ತುದಿಯವರೆಗೂ ಕಣ್ಣು ಹಾಯಿಸುವ ಹುಡುಗನಾಗಲಿ, ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ಗೊಮ್ಮಟನ ಪಾದದೆಡೆಯಿಂದ ಆ 42 ಅಡಿಗಳ ನಿಲುವನ್ನು ಕತ್ತೆತ್ತಿ ನೋಡುವ ಹುಡುಗಿಯಾಗಲಿ, ಕಾಪುವಿನ ಸುಗ್ಗಿ ಮಾರಿಪೂಜೆಯ ಸಂದಣಿಯಲ್ಲಿ ತಂದೆಯ ಹೆಗಲೇರಿ ಕುಳಿತ ಕೂಸಾಗಲಿ, ತಾವು ಲಲಿತಕಲೆಯ ಎದುರಿನಲ್ಲಿದ್ದೇವೆಂದು ತಿಳಿದವರಲ್ಲ. ಈ ಸೀಮೆಯಲ್ಲಿ ಕಲೆಯು ಮಕ್ಕಳ ಕಣ್ಣಿಗೆ ಬೀಳುವುದು ಹೀಗೆಯೇ. ಯಾರೂ ಅದನ್ನು ಕೈಹಿಡಿದು ತೋರಿಸುವುದಿಲ್ಲ. ಹಾಗಲ್ಲ, ಅದನ್ನು ಬೇಕೆಂದೇ ಮಕ್ಕಳ ಮುಂದೆ ತಂದಿರಿಸಬೇಕು, ಅದಕ್ಕೆಂದೇ ಒಂದು ತಾಣವಿರಬೇಕು ಎಂಬ ಹಟವನ್ನು ಹಿಡಿದು, ಕೈಯಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದವರು ಕೋಟದ ಶಿವರಾಮ ಕಾರಂತರು. ಕಾದಂಬರಿಕಾರ ಕಾರಂತರನ್ನು ಬಲ್ಲವರು ಲೆಕ್ಕವಿಲ್ಲದಷ್ಟು ಮಂದಿ. ಬಾಲವನದ ಕಾರಂತರನ್ನು ಬಲ್ಲವರು ಅಷ್ಟಿಲ್ಲ.

ಅವರು ಜನಿಸಿದುದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆಗಳು, ಸುಗ್ಗಿ ಕಳೆದ ಮೇಲೆ ರಾತ್ರಿಯಿಡೀ ಬಯಲಾಟ. ಆ ಕಾಲದ ಹುಡುಗನಿಗೆ ಚಿತ್ರಶಾಲೆಯೂ ಅದೇ, ನಾಟಕಶಾಲೆಯೂ ಅದೇ. ಕುಂದಾಪುರದಲ್ಲಿ ಓದಿ ಮಂಗಳೂರಿನ ಕಾಲೇಜನ್ನು ಸೇರಿದ ತರುಣನು, ಅಸಹಕಾರ ಚಳವಳಿಯ ಕರೆ ಕಿವಿಗೆ ಬಿದ್ದಾಗ ಓದನ್ನು ಅಲ್ಲಿಗೇ ಬಿಟ್ಟನು. ತರುವಾಯ ಖಾದಿ ಪ್ರಚಾರ, ಸಮಾಜ ಸುಧಾರಣೆ, 'ವಸಂತ'ವೆಂಬ ಮಾಸಪತ್ರಿಕೆ, ನಾಟಕ, ಛಾಯಾಗ್ರಹಣ, ಮೂಕಚಿತ್ರ ತೆಗೆಯುವ ಸಾಹಸ ಎಂದು ಬಾಳು ಹಲವು ಕವಲಾಗಿ ಹರಿಯಿತು. ಶಾಲಾ ಕಾಲೇಜುಗಳು ಕೊಡದಿದ್ದ ವಿದ್ಯೆಯನ್ನು ಅವರು ತಿರುಗಾಟದಿಂದ ಸಂಪಾದಿಸಿದರು. ದೇಗುಲಗಳನ್ನೂ ಗುಹೆಗಳನ್ನೂ ಕಣ್ಣಾರೆ ಕಂಡು ಬಂದು ಭಾರತೀಯ ಚಿತ್ರಕಲೆಯ ಮೇಲೆ, ಚಾಲುಕ್ಯರ ವಾಸ್ತುಶಿಲ್ಪದ ಮೇಲೆ ಕನ್ನಡದಲ್ಲಿ ಗ್ರಂಥಗಳನ್ನು ಬರೆದರು. ಕಲೆಯ ವಿಷಯದಲ್ಲಿ ನೋಡಿದವನ ಮಾತಿಗೂ ಓದಿದವನ ಮಾತಿಗೂ ಇರುವ ಅಂತರವನ್ನು ಆ ಗ್ರಂಥಗಳನ್ನು ತೆರೆದವರು ಬೇಗನೆ ಅರಿಯುತ್ತಾರೆ.

ಪುತ್ತೂರಿನಲ್ಲಿ ಅವರನ್ನು ನೆಲೆಗೊಳಿಸಿದುದರಲ್ಲಿ ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಸ್ನೇಹದ ಪಾಲು ದೊಡ್ಡದು. ಅಲ್ಲಿ ದಸರೆಯ ನಾಡಹಬ್ಬ ನಡೆಯತೊಡಗಿತು. ಶಾಲೆಯ ಮಕ್ಕಳು ರಂಗವನ್ನೇರಿದರು. ಊರ ಹೊರಗೆ, ಪರ್ಲಡ್ಕದ ಗುಡ್ಡದ ಮೇಲೆ, ಕಾರಂತರು ಮನೆಯನ್ನೂ ಕುಣಿತ-ನಾಟಕಗಳಿಗೆಂದು ನಾಟ್ಯಶಾಲೆಯನ್ನೂ ಕಟ್ಟಿಕೊಂಡು, ಆ ಜಾಗಕ್ಕೆ ತನ್ನ ಹೆಸರನ್ನಿಡದೆ, ಕುಲದೇವರ ಹೆಸರನ್ನೂ ಇಡದೆ, ಬಾಲವನವೆಂದು ಹೆಸರಿಟ್ಟರು. ಪರೀಕ್ಷೆಯ ಅಂಜಿಕೆಯಾಗಲಿ ಬಾಯಿಪಾಠದ ಬಂಧನವಾಗಲಿ ಇಲ್ಲದೆ ಮಕ್ಕಳು ಆಡುತ್ತ, ಹಾಡುತ್ತ, ಬಣ್ಣ ಬಳಿಯುತ್ತ ಕಲಿಯಬೇಕೆಂಬುದು ಅಲ್ಲಿಯ ಉದ್ದೇಶ. 1936ರಲ್ಲಿ ಲೀಲಾ ಆಳ್ವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದ ಮೇಲೆ ಆ ಮನೆಯೇ ಪ್ರಯೋಗಶಾಲೆಯಾಯಿತು. ತಮ್ಮ ಸ್ವಂತ ಮಕ್ಕಳಿಗೂ ಮೊದಲ ವಿದ್ಯಾಭ್ಯಾಸವನ್ನು ಮನೆಯಲ್ಲಿಯೇ ಮಾಡಿಸಿದರು.

ಮಕ್ಕಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವೆಂಬ ಕಲ್ಪನೆ ಜಗತ್ತಿಗೆ ಹಳೆಯದೇನೂ ಅಲ್ಲ. ಅಮೆರಿಕದ ಬ್ರೂಕ್ಲಿನ್ನಿನಲ್ಲಿ ಅಂಥ ಮೊದಲ ಸಂಗ್ರಹಾಲಯ ತೆರೆದುದು 1899ರಲ್ಲಿ. ಮುಟ್ಟಬೇಡ ಎಂಬ ಹಲಗೆಯನ್ನು ತೆಗೆದುಹಾಕಿ ಮುಟ್ಟಿ ನೋಡು ಎಂದುದೇ ಅದರ ಹಿರಿಮೆ. ಆದರೆ ಹಕ್ಕಿಯ ಗೂಡನ್ನೋ ಶಂಖವನ್ನೋ ಮಗುವಿನ ಕೈಗೆ ಕೊಡುವುದು ಸುಲಭ. ಉತ್ತಮ ಚಿತ್ರವನ್ನು, ಶಿಲ್ಪವನ್ನು ಕೊಡುವುದು ಹೇಗೆ? ಬಹುಪಾಲು ಹಿರಿಯರು ಇಲ್ಲಿ ಸೋಲುತ್ತಾರೆ. ಒಂದೋ ಕಲಾಕೃತಿಯನ್ನು ಹಿರಿಯರ ಕಣ್ಣಿನ ಮಟ್ಟದಲ್ಲಿ ಗಾಜಿನ ಹಿಂದೆ ತೂಗುಹಾಕುತ್ತಾರೆ. ಇಲ್ಲವೆ ಮಕ್ಕಳಿಗೆ ಇಷ್ಟು ಸಾಕೆಂದು ಗಿಲೀಟಿನ ಬೊಂಬೆಗಳನ್ನು ಮುಂದಿಡುತ್ತಾರೆ. ಕಾರಂತರ ಮಾರ್ಗ ಇವೆರಡೂ ಅಲ್ಲ. ಮಗುವಿಗೆ ಕೊಡುವುದು ಸಾಚಾ ವಸ್ತುವೇ ಆಗಿರಬೇಕು. ಆದರೆ ಅದನ್ನು ನೋಡಿಸುವುದರ ಬದಲು ಮಾಡಿಸಬೇಕು. ಬುದ್ಧನ ಕಥೆಯನ್ನು ಹೇಳುವುದಕ್ಕಿಂತ ಅದರ ಗೀತನಾಟಕದಲ್ಲಿ ಮಗು ಹೆಜ್ಜೆಯಿಡುವುದು ಮೇಲು. ತಾನೇ ಕುಣಿದ ಮಗುವಿಗೆ ಬೇಲೂರಿನ ಮದನಿಕೆಯ ಕಾಲು ಅಲ್ಲೇಕೆ ಬಾಗಿದೆಯೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಈ ದೃಷ್ಟಿಯಿಂದ ನೋಡಿದರೆ ಬಾಲವನವು ಗೋಡೆಗಳಿಲ್ಲದ ಒಂದು ಮಕ್ಕಳ ಕಲಾಸಂಗ್ರಹಾಲಯವೇ ಆಗಿತ್ತು.

ಪುತ್ತೂರಿಗೆ ಬರಲಾರದ ಮಕ್ಕಳ ಗತಿ? ಅವರಿಗಾಗಿ ಹುಟ್ಟಿದುದು 'ಬಾಲಪ್ರಪಂಚ'. ಮೂರು ಸಂಪುಟಗಳು, ಕಾಲ 1936. ಭೂಮಿ, ಆಕಾಶ, ಜೀವರಾಶಿ, ಮನುಷ್ಯನ ಬಾಳುವೆ ಎಲ್ಲವನ್ನೂ ಚಿತ್ರಗಳೊಡನೆ ಕನ್ನಡದ ಮಗುವಿನ ಮಡಿಲಿಗೆ ಹಾಕಿದ ಕೃತಿ. ವಿದ್ವಾಂಸರ ಮಂಡಲಿಯೊಂದು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದರು. ಚಿತ್ರಸಹಿತ ಪುಸ್ತಕವೆಂದರೆ ಅಂದು ಎಂಥ ವ್ಯಯದ ಬಾಬ್ತೆಂಬುದನ್ನು ಇಂದಿನವರು ಊಹಿಸಲಾರರು. ಪ್ರತಿಯೊಂದು ಚಿತ್ರಕ್ಕೂ ಲೋಹದ ಬ್ಲಾಕು ಮಾಡಿಸಬೇಕು. ಗೆರೆಯ ಚಿತ್ರವಾದರೆ ಒರಟು ಕಾಗದದ ಮೇಲೂ ಮೂಡೀತು. ಛಾಯಾಚಿತ್ರದ ನೆರಳು-ಬೆಳಕು ಮೂಡಬೇಕಾದರೆ ಸಣ್ಣ ಸಣ್ಣ ಚುಕ್ಕಿಗಳ ಹಾಫ್‌ಟೋನ್ ಬ್ಲಾಕು, ಅದಕ್ಕೆ ನುಣುಪಾದ ಕಾಗದ. ಮಕ್ಕಳ ಪುಸ್ತಕಕ್ಕೆ ಇಷ್ಟೇಕೆಂದು ಕೇಳುವ ಕಾಲದಲ್ಲಿ ಕಾರಂತರು ಕೇಳದವರಂತೆ ನಡೆದರು. ವಸ್ತುಸಂಗ್ರಹಾಲಯದ ಮುಖವನ್ನೇ ಕಾಣದ ಹಳ್ಳಿಯ ಮಗುವಿಗೆ ಅದು ಕಾಗದದ ಮೇಲಿನ ಸಂಗ್ರಹಾಲಯವಾಯಿತು. 1959ರಿಂದ ಹೊರಬರತೊಡಗಿದ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಅದೇ ಬೇರಿನಿಂದ ಒಡೆದ ಚಿಗುರು.

ಹಣದ ಲೆಕ್ಕದಲ್ಲಿ ಇದೆಲ್ಲ ನಷ್ಟದ ಬಾಳು. ಸಾಲವು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಸ್ವಂತ ಮುದ್ರಣಾಲಯವೂ ಅವರನ್ನು ಶ್ರೀಮಂತಗೊಳಿಸಲಿಲ್ಲ. ಮಕ್ಕಳ ಶಾಲೆಯ ಪ್ರಯೋಗ ಬಹುಕಾಲ ನಿಲ್ಲಲಿಲ್ಲ. ಇದಕ್ಕೆ ಸಮಾಜದ ಔದಾಸೀನ್ಯವೊಂದನ್ನೇ ದೂರಿದರೆ ನ್ಯಾಯವಾಗದು. ಕಾರಂತರದು ಕಡುಮುನಿಸಿನ ಸ್ವಭಾವ. ಇನ್ನೊಬ್ಬರ ಹೆಜ್ಜೆಗೆ ಕಾಯುವ ತಾಳ್ಮೆ ಕಡಿಮೆ. ಸಂಸ್ಥೆ ನಿಲ್ಲಬೇಕಾದರೆ ಉತ್ತರಾಧಿಕಾರಿಗಳು ಬೇಕು. ಬಾಲವನಕ್ಕೆ ಇದ್ದುದು ಒಬ್ಬ ಕಾರಂತರು ಮಾತ್ರ. ಮಕ್ಕಳೊಡನೆ ಮಾತ್ರ ಆ ಮುನಿಸು ಕರಗುತ್ತಿತ್ತೆಂಬುದನ್ನು ಅವರು ಮಕ್ಕಳಿಗಾಗಿ ಬರೆದ ಪುಟಗಳೇ ಹೇಳುತ್ತವೆ.

ಪ್ರಶಸ್ತಿಗಳ ಕಥೆ ಸರ್ವವಿದಿತ. 1977ರ ಜ್ಞಾನಪೀಠ ಬಂದಿತು. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. ಪುತ್ತೂರಿನಲ್ಲಿ ಸುಮಾರು 4 ದಶಕಗಳನ್ನು ಕಳೆದ ಮೇಲೆ ಹುಟ್ಟೂರಿನ ಮಗ್ಗುಲಿನ ಸಾಲಿಗ್ರಾಮಕ್ಕೆ ಮರಳಿದರು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರಕ್ಕೆ ಅವರ ಮಾರ್ಗದರ್ಶನವು ದೊರೆಯಿತು. ಮಾತನ್ನು ಕಳೆದು, ಕುಣಿತ, ಹಾಡು, ವೇಷಗಳಿಂದಲೇ ಕಥೆ ನಡೆಯಬೇಕೆಂದು ಹೊರಟ ಅವರ ಹೊಸ ಯಕ್ಷಗಾನವನ್ನು ಮೆಚ್ಚದವರು ಅಂದೂ ಇದ್ದರು, ಇಂದೂ ಇದ್ದಾರೆ. ಪರಂಪರೆಯ ಅರ್ಥಧಾರಿಕೆಯ ರುಚಿ ಬಲ್ಲವನು ಆ ಕೊರತೆಯನ್ನು ಮನ್ನಿಸುವುದು ಕಷ್ಟ; ನಾನೂ ಪೂರ್ತಿಯಾಗಿ ಮನ್ನಿಸಿಲ್ಲ. ಆದರೆ ಭಾಷೆಯರಿಯದ ಪರದೇಶದವನಿಗೆ ತಲಪುವ ಕಲೆ, ಮಾತು ಬಲಿಯದ ಮಗುವಿಗೂ ತಲಪುತ್ತದೆಂಬುದನ್ನು ಒಪ್ಪಲೇಬೇಕು.

ತೊಂಬತ್ತು ದಾಟಿದ ಮೇಲೂ ಅವರು ಹಕ್ಕಿಗಳ ಕುರಿತು ಒಂದು ಪುಸ್ತಕವನ್ನು ಸಿದ್ಧಪಡಿಸುತ್ತಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಅದೇ ಮಣಿಪಾಲದಲ್ಲಿ, ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಂಬ-ತೊಲೆ ಸಹಿತ ಬಿಚ್ಚಿ ತಂದು ನಿಲ್ಲಿಸಿದ ಹಸ್ತಶಿಲ್ಪ ಗ್ರಾಮವನ್ನು ಇಂದು ನೋಡಬಹುದು. ಪುತ್ತೂರಿನ ಬಾಲವನವು ಸರಕಾರದ ಆಶ್ರಯದಲ್ಲಿದ್ದು, ಕಾರಂತರ ಮನೆಯನ್ನು ಉಳಿಸಿಕೊಳ್ಳಲಾಗಿದೆ. ಅವರ ಹುಟ್ಟೂರಿನಿಂದ ಬಹಳ ದೂರವಿಲ್ಲದ ಶಿರಿಯಾರದ ಮೆಕ್ಕೆಕಟ್ಟಿನಲ್ಲಿ ಕೆಂಪು ಬಣ್ಣದ ಮರದ ಭೂತಪ್ರತಿಮೆಗಳ ದೊಡ್ಡ ಸಮೂಹವಿದೆ. ಹೊಸದಾಗಿ ಪ್ರತಿಮೆಗಳನ್ನು ಕೆತ್ತಿಸಿ ನಿಲ್ಲಿಸಿದ 1960ರ ದಶಕದಲ್ಲಿ ಅಲ್ಲಿಯ ಹಳೆಯ ಪ್ರತಿಮೆಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ದೆಹಲಿಯ ಮಕ್ಕಳು ಹಳೆಯವನ್ನು ಕಾಣುತ್ತಾರೆ. ಶಿರಿಯಾರದ ಮಕ್ಕಳು ಹೊಸವನ್ನು, ಹರಕೆಗೆಂದು ಬಂದ ತಾಯಿಯ ಸೆರಗು ಹಿಡಿದುಕೊಂಡು, ತಮಗಿಂತ ಎತ್ತರದ ಆ ದುಂಡುಕಣ್ಣುಗಳ ಕೆಳಗೆ ನಿಂತು ಕಾಣುತ್ತಾರೆ.